ಚಿಲಕದ ಕೋವಿ

ನನ್ನ ಕೈಗಳ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಮೊಳೆ ಹೊಡೆಯಲು ಹೋದರೆ ಗೋಡೆ ಉದುರುತ್ತದೆ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ಇಡೀ ಮನೆ ಕತ್ತಲಾಗುತ್ತದೆ. ಮೈಸೂರಿನಲ್ಲಿದ್ದಾಗ ಇಂಥ ಕೆಲಸಕ್ಕೆಲ್ಲ ಯಾರಾದರೊಬ್ಬರು ಸಿಗುತ್ತಿದ್ದರಾದ್ದರಿಂದ ಮರ್ಯಾದೆ ಉಳಿದಿತ್ತು. ಐರ್ಲೆಂಡಿನಲ್ಲಿ ಪ್ಲಂಬರ್ ಬರಲು ಎರಡು ವಾರ, ಬಂದವನು ತಲೆಯಾಡಿಸಿ ಹೋಗಲು ಎರಡು ನಿಮಿಷ. ಇಂಥ ನಾನು ಕೊರೋನಾದ ಮೊದಲ ವರ್ಷ ಬಿಡಿಭಾಗಗಳನ್ನು ಹೊಂದಿಸಿ ಒಂದು ಕೋವಿ ಕಟ್ಟಲು ಕೂತೆ. ತಪ್ಪು ಕೈಯದ್ದಲ್ಲ, ನಾಲಿಗೆಯದ್ದು.

ನನ್ನ ಹೆಂಡತಿ ದೇಚಮ್ಮ ಕೊಡಗಿನವಳು. ಅವರ ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗಳನ್ನು ದೇವರ ಮುಂದಿಟ್ಟು, ಗಂಧ ಹಚ್ಚಿ, ನಳಿಗೆಗೆ ಕೋವಿಹೂ ಎಂಬ ಕಾಡುಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಊಟವಾದ ಮೇಲೆ ಹಿರಿಯರು ಅವನ್ನು ಒಬ್ಬೊಬ್ಬರ ಕೈಗೆ ಕೊಡುತ್ತಾರೆ. ಎಲ್ಲರೂ ಬಯಲಿಗೆ ಹೋಗಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಪ್ರತಿ ಸೆಪ್ಟೆಂಬರಿನಲ್ಲೂ ದೇಚು ಕೂಡಿಟ್ಟ ರಜೆಯನ್ನೆಲ್ಲ ಸುರಿದು ತವರಿಗೆ ಹಾರುತ್ತಿದ್ದಳು. ಆ ವರ್ಷ ಹಾರುವ ಹಾಗಿರಲಿಲ್ಲ. ಅವಳು ಅಳಲಿಲ್ಲ. ಹಬ್ಬದ ಮಾತು ಬಂದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು, ಅದೂ ಆಗಲೇ ತೊಳೆದಿಟ್ಟ ಪಾತ್ರೆಗಳನ್ನು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಾವನವರು, "ಅಲ್ಲೇ ಒಂದು ಕೋವಿ ತಗೊಂಡು ಪೂಜೆ ಮಾಡ್ಲಿಕ್ಕೆ ಆಗುದಿಲ್ವಾ ಮಾರಾಯ?" ಎಂದರು. ಇಲ್ಲಿ ಸ್ವಲ್ಪ ಜೋರಾದ ಗಾಳಿ ಬಂದೂಕಿಗೂ ಪೊಲೀಸರ ಲೈಸೆನ್ಸ್ ಬೇಕು ಎಂದೆ. "ಹಾಗಾದ್ರೆ ನಿನ್ನ ಕೀಬೋರ್ಡಿಗೇ ಗಂಧ ಹಚ್ಚು" ಎಂದು ಹೊಟ್ಟೆ ಕುಲುಕಿಸಿ ನಕ್ಕರು. ನನ್ನ ಮೈಯೆಲ್ಲ ಉರಿಯಿತು. "ಬೇಡ ಮಾವ, ನಾನೇ ಒಂದು ಮಾಡ್ತೀನಿ. ರಬ್ಬರ್ ಬ್ಯಾಂಡ್ ಹಾರಿಸೋದು. ಆದ್ರೆ ನೋಡೋಕೆ ನಿಮ್ಮ ರೈಫಲ್ ಥರಾನೇ ಇರುತ್ತೆ" ಎಂದುಬಿಟ್ಟೆ. ದೇಚು ಸಿಂಕಿನ ಬಳಿಯಿಂದ ತಿರುಗಿ ನೋಡಿದಳು. ವಾರಗಳ ನಂತರ ಆ ಮುಖದಲ್ಲಿ ಏನೋ ಕಂಡಿತು. ಇನ್ನು ಹಿಂದೆಗೆಯುವ ದಾರಿಯಿರಲಿಲ್ಲ.

ನಾವಿರುವುದು ನೇಸ್ ಪಟ್ಟಣದಲ್ಲಿ. ಆ ಆಗಸ್ಟಿನಲ್ಲಿ ಬೇರೆಯವರಿಗೆಲ್ಲ ಸಡಿಲವಾಗುತ್ತಿದ್ದಾಗ ನಮ್ಮ ಕಿಲ್ಡೇರ್ ಕೌಂಟಿಗೂ ಅಕ್ಕಪಕ್ಕದ ಎರಡಕ್ಕೂ ಮತ್ತೆ ಬೀಗ ಬಿತ್ತು. ನನ್ನ ಪರಿಚಯದ ಏಕೈಕ ಡ್ರಿಲ್ಲಿಂಗ್ ಮಷೀನು ಹುಬ್ಬಳ್ಳಿಯ ಗೆಳೆಯ ರಫೀಕನ ಬಳಿಯಿತ್ತು. ಅವನಿರುವುದು ಆಡಮ್ಸ್‌ಟೌನ್‌ನಲ್ಲಿ, ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ, ಆದರೆ ಡಬ್ಲಿನ್ ಕೌಂಟಿ. "ಮಷೀನ್ ಏನೋ ಐತಿ ದೋಸ್ತ, ನೀ ಗಡಿ ದಾಟಾಂಗಿಲ್ಲಲ್ಲ! ಗಾರ್ಡಾ ಪೊಲೀಸ್ರು ಹಿಡದು ಎಲ್ಲಿಗೆ ಹೊಂಟಿ ಅಂದ್ರ ಏನ್ ಹೇಳ್ತಿ? ರೈಫಲ್ ಮಾಡಾಕ ಅಂತೀಯೇನು?" ಎಂದು ಅವನೂ ನಕ್ಕ. ಆ ತಿಂಗಳು ನನ್ನನ್ನು ನೋಡಿ ನಗದವರು ಯಾರೂ ಇರಲಿಲ್ಲ.

ಮಾದರಿಗೆಂದು ಭಾವಮೈದುನ ಮಾವನವರ ರೈಫಲ್ ಹಿಡಿದುಕೊಂಡು ಒಂದು ಸೆಲ್ಫಿ ಕಳಿಸಿದ. ಅದನ್ನು ಲ್ಯಾಪ್‌ಟಾಪಿನ ಪರದೆ ತುಂಬ ಹಿಗ್ಗಿಸಿಟ್ಟುಕೊಂಡು ಭಾಗಗಳನ್ನು ಹುಡುಕತೊಡಗಿದೆ. ನಳಿಗೆಗೆ ಅತಿಥಿಗಳ ಕೋಣೆಯ ಕರ್ಟನ್ ರಾಡು. ಅತಿಥಿಗಳು ಹೇಗೂ ಬರುವಂತಿರಲಿಲ್ಲ. ಹಿಡಿಗೆ ಮರ ಎಲ್ಲಿಂದ ತರುವುದು ಎಂದು ಕೂತಿದ್ದಾಗ ನನ್ನ ಗೋಳು ಕೇಳಿದ ಪಕ್ಕದ ಮನೆಯ ಅಜ್ಜಿ ನೋರೀನ್ ಬೇಲಿಯಾಚೆಯಿಂದ ಮುರಿದ ಹರ್ಲಿಂಗ್ ಕೋಲೊಂದನ್ನು ಎಸೆದರು. ದೋಣಿಯ ಹುಟ್ಟಿನಂತೆ ತುದಿ ಅಗಲವಾದ ಆ ಆಟದ ಕೋಲು ಭುಜಕ್ಕೆ ಒತ್ತಿಟ್ಟುಕೊಳ್ಳಲು ಹೇಳಿ ಮಾಡಿಸಿದ ಹಾಗಿತ್ತು. ಕೋವಿಯ ಕುದುರೆಗೆ, ಅಂದರೆ ಟ್ರಿಗರಿಗೆ, ಬಟ್ಟೆ ಒಣಹಾಕುವ ಕ್ಲಿಪ್ಪು. ಇನ್ನುಳಿದದ್ದು ರೈಫಲ್‌ನ ಪ್ರಾಣವಾದ ಬೋಲ್ಟು, ಎಳೆದು ತಳ್ಳುವ ಆ ಕಬ್ಬಿಣದ ಹಿಡಿಕೆ. ಬಾಗಿಲ ಚಿಲಕಕ್ಕಿಂತ ಅದಕ್ಕೆ ಹತ್ತಿರದ ವಸ್ತು ಜಗತ್ತಿನಲ್ಲಿಲ್ಲ ಎಂದು ನನಗೆ ಹೊಳೆದ ಗಳಿಗೆಯನ್ನು ನಾನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇನೆ. ಆನ್‌ಲೈನಿನಲ್ಲಿ ತರಿಸಿದ ಚಿಲಕ ಗೊಂಬೆಮನೆಯ ಬಾಗಿಲಿಗೂ ಚಿಕ್ಕದಾಗುವಂಥದ್ದು ಬಂತು. ಬದಲಿಗೆ ಕಳಿಸಿದ್ದು ಕೋಟೆಯ ಬಾಗಿಲಿಗಾಗುವಂಥದ್ದು. ಸಿಟ್ಟಿನಲ್ಲಿ ಎದ್ದು ಹೋಗಿ ಕೆಳಗಿನ ಬಚ್ಚಲುಮನೆಯ ಚಿಲಕವನ್ನೇ ಬಿಚ್ಚಿ ತಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಳಗಿದ್ದವರು ಗಟ್ಟಿಯಾಗಿ ಹಾಡುತ್ತಿರಬೇಕೆಂಬ ನಿಯಮ ಜಾರಿಗೆ ಬಂತು.

ಡ್ರಿಲ್ ಇಲ್ಲದೆ ಸ್ಕ್ರೂಡ್ರೈವರಿನಲ್ಲಿ ತೂತು ಕೊರೆದು ಅಂಗೈಯಲ್ಲಿ ಬೊಬ್ಬೆ ಎದ್ದವು. ಚಿಲಕ ಎಳೆದರೆ ರಬ್ಬರ್ ಬ್ಯಾಂಡು ಬಿಗಿಯಾಗಿ, ಕ್ಲಿಪ್ಪು ಒತ್ತಿದರೆ ಹಾರಬೇಕು. ಹಾರಿತು ನಿಜ. ಆದರೆ ಪ್ರತಿ ಸಲ ಹೆಬ್ಬೆರಳು ಕಚ್ಚಿಕೊಳ್ಳುತ್ತಿತ್ತು, ಚಿಲಕಕ್ಕೆ ಕೈ ತಲುಪಿಸಲು ಮೈಯೆಲ್ಲ ತಿರುಚಬೇಕಾಗುತ್ತಿತ್ತು, ಗುರಿಯಿಟ್ಟದ್ದು ತೆಂಗಿನ ಹಾಲಿನ ಖಾಲಿ ಡಬ್ಬಿಗಾದರೆ ಬಿದ್ದದ್ದು ನೋರೀನ್ ಅವರ ಒಣಗುವ ಬಟ್ಟೆಯ ಮೇಲೆ. ಅವರು, "ಯು ಆರ್ ಗ್ರ್ಯಾಂಡ್!" ಎಂದು, ಪರವಾಗಿಲ್ಲ ಬಿಡು ಎಂಬಂತೆ ಕೈಬೀಸಿದರು. ಈ ದೇಶದಲ್ಲಿ ಮನೆಗೆ ಬೆಂಕಿ ಬಿದ್ದರೂ ಹೀಗೇ ಅನ್ನುತ್ತಾರೆ.

ಹಬ್ಬದ ದಿನ ಬಂತು. ಕೋವಿಹೂ ಇಲ್ಲದ್ದಕ್ಕೆ ದೇಚು ಹಿತ್ತಲಿನ ಕೆಂಪು ಹೂವೊಂದನ್ನು ನಳಿಗೆಗೆ ಸಿಕ್ಕಿಸಿ, ಗಂಧ ಹಚ್ಚಿ, ಕಣ್ಣು ಮುಚ್ಚಿ ನಿಂತಳು. ನಾನು ಫೋನನ್ನು ಕೋವಿಯ ಮೇಲೆಲ್ಲ ಆಡಿಸಿ ಮಾವನವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಎಂಥ ಮಾರಾಯ ಇದು? ಬಲಗಡೆ ಇರ್ಬೇಕಾದ ಬೋಲ್ಟ್ ಎಡಗಡೆ ಉಂಟಲ್ಲ!"

ಓಡಿ ಹೋಗಿ ಲ್ಯಾಪ್‌ಟಾಪಿನಲ್ಲಿ ಆ ಸೆಲ್ಫಿಯನ್ನು ಮತ್ತೆ ನೋಡಿದೆ. ಭಾವಮೈದುನನ ಟೀ ಶರ್ಟಿನ ಮೇಲಿನ ಅಕ್ಷರಗಳೆಲ್ಲ ತಿರುಗಿ ನಿಂತಿದ್ದವು. ಅವನ ಫೋನು ಕನ್ನಡಿಯಂತೆ ಬಲವನ್ನು ಎಡ ಮಾಡಿತ್ತು. ಅದನ್ನೇ ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದೆ. ನೋಡಿದ್ದು ರೈಫಲನ್ನು, ಅಂಗಿಯನ್ನಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಕರ್ಟನ್ನು ಹೋಯಿತು, ಬಚ್ಚಲಿನ ಮಾನ ಹೋಯಿತು, ಈಗ ಅವಳ ಹಬ್ಬವೂ ನಗೆಪಾಟಲಾಯಿತು. "ಕೊಡಿಲ್ಲಿ, ಒಲೆಗೆ ಹಾಕ್ತೀನಿ" ಎನ್ನುತ್ತ ಬಂದೆ.

ಕೋವಿ ಅಲ್ಲಿರಲಿಲ್ಲ. ದೇಚು ಹಿತ್ತಲಿನಲ್ಲಿ ಅದನ್ನು ಎಡ ಭುಜಕ್ಕೆ ಒತ್ತಿಕೊಂಡು ನಿಂತಿದ್ದಳು. ಎಡಗೈಯಿಂದ ಸರಾಗವಾಗಿ ಚಿಲಕ ಎಳೆದಳು. ಟಪ್! ಬೇಲಿಯ ಮೇಲಿನ ಡಬ್ಬಿ ಆಚೆ ಬಿತ್ತು. ನೋರೀನ್ ಚಪ್ಪಾಳೆ ತಟ್ಟಿದರು. ಇನ್ನೊಂದು ಡಬ್ಬಿ ಇಟ್ಟೆ. ಅದೂ ಬಿತ್ತು.

"ಅಪ್ಪ, ನೋಡಿದ್ರಾ?" ಎಂದು ಕೂಗಿದಳು. ನನ್ನ ಕೈಯ ಫೋನಿನಲ್ಲಿ ಮಾವನವರು ಈ ಸಲ ನಗಲಿಲ್ಲ. ಆಮೇಲೆ ಮೆಲ್ಲಗೆ, "ಸಣ್ಣವಳಿದ್ದಾಗ ಬಲಗೈಯಲ್ಲೇ ಹೊಡಿ ಅಂತ ನಾನೇ ಬೈತಿದ್ದೆ. ವರ್ಷವೂ ಗುರಿ ತಪ್ಪುತ್ತಿತ್ತು, ಅಣ್ಣನ ಹತ್ರ ತಮಾಷೆ ಮಾಡಿಸಿಕೊಳ್ತಿದ್ದಳು" ಎಂದರು.

ಕಾಲ್ ಮುಗಿದ ಮೇಲೆ ದೇಚು ನನ್ನ ಬೊಬ್ಬೆಯೆದ್ದ ಅಂಗೈಯನ್ನು ಹಿಡಿದುಕೊಂಡಳು. ಕಣ್ಣು ತುಂಬಿತ್ತು. "ಕೋವಿ ಭುಜಕ್ಕಿಟ್ರೆ ನಂದು ಎಡಗೈ ಅಂತ ನಿಂಗೆ ಹೇಗೆ ಗೊತ್ತಾಯ್ತು? ನಾನು ಯಾವತ್ತೂ ಹೇಳೇ ಇಲ್ಲ."

ಒಂಬತ್ತು ವರ್ಷ ಎದುರು ಕೂತು ಉಂಡರೂ ನನಗೆ ಗೊತ್ತಿರಲಿಲ್ಲ. "ಗಂಡನಿಗೆ ಇಷ್ಟೂ ಗೊತ್ತಾಗಲ್ವೇನೇ?" ಎಂದೆ.

ಆ ರಾತ್ರಿಯ ಊಟಕ್ಕೆ ಮಾಂಸ ಮುಟ್ಟದ ನನಗೆಂದೇ ಅಕ್ಕಿ ಕಡುಬಿನ ಜೊತೆ ಸಸ್ಯಾಹಾರಿ ಸಾರು ಆಯಿತು. ಸೆಲ್ಫಿಯನ್ನು ಅಳಿಸಿದ್ದೇನೆ. ಬಚ್ಚಲಿಗೆ ಇಂದಿಗೂ ಚಿಲಕವಿಲ್ಲ. ಒಳಗೆ ಕೂತು ಹಾಡುವಾಗಲೆಲ್ಲ ನಿಜ ಹೇಳಿಬಿಡೋಣ ಎನ್ನಿಸುತ್ತದೆ, ಹೊರಗೆ ಬಂದೊಡನೆ ಧೈರ್ಯ ಉಡುಗುತ್ತದೆ. ಕೋವಿ ಹಾಲಿನ ಗೋಡೆಯ ಮೇಲಿದೆ, ಸರಿಯಾಗಿ ಅವಳ ಎಡಗೈಗೆ ಎಟಕುವ ಎತ್ತರದಲ್ಲಿ. ಮೇಲಾಗಿ, ಈಗ ಅವಳ ಗುರಿ ತಪ್ಪುವುದಿಲ್ಲ.