ಮಶೀನಿಗೆ ಹಣೆ ಯಾವ ಕಡೆ?

ನಗೆಗೀಡಾಗುವ ಸಂಗತಿಗಳು ಎಲ್ಲ ಮನೆಗಳಲ್ಲೂ ನಡೆಯುತ್ತವೆ; ಶಿಸ್ತಿನ ಮನೆಯಲ್ಲಿ ಸ್ವಲ್ಪ ಹೆಚ್ಚೇ ನಡೆಯುತ್ತವೆ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಮದುವೆಯಾಗಿ ಮೊರಬಕ್ಕೆ ಬಂದ ದಿನದಿಂದ ಮನೆಯ ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಕೆಲಸಕ್ಕೂ ಒಂದು ವೇಳೆ ಗೊತ್ತುಮಾಡಿದ್ದೇನೆ. ಆದರೂ ಎಂಬತ್ತರ ದಶಕದಲ್ಲಿ ಒಂದು ವರ್ಷ, ಶ್ರಾವಣದಿಂದ ದಸರೆಯವರೆಗೆ, ಒಂದು ಹಳೆಯ ಡ್ರಿಲ್ ಮಶೀನು ನನ್ನನ್ನು ಪರೀಕ್ಷೆಗೆ ಒಡ್ಡಿತು.

೧. ಪೇಶಂಟು

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಚಿಕ್ಕಂದಿನಲ್ಲಿ ಫಿಟ್ಟರ್ ಆಗುವ ಆಸೆ ಇತ್ತಂತೆ, ಮಾವನವರು ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ವರ್ಕ್‌ಶಾಪ್ ಮುಚ್ಚಿದಾಗ, ಮೇಜಿನ ಮೇಲಿಟ್ಟು ಕಬ್ಬಿಣ ಕೊರೆಯುವ, ಸವೆದುಹೋದ ಅಗ್ಗದ ಮಶೀನೊಂದನ್ನು ಕೊಂಡರು. ನನ್ನನ್ನು ಕೇಳಲಿಲ್ಲ. ಐದು ವರ್ಷದ ಕೂಸಿನಷ್ಟು ಎತ್ತರದ ಆ ವಸ್ತುವನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಬಾಜೂಕ್ಕೆ ಕೂಡಿಸಿಕೊಂಡು, ಬೀಳದ ಹಾಗೆ ತೋಳಿನಲ್ಲಿ ಅವುಚಿ ಹಿಡಿದು ತಂದರು.

ಹಿಂದಿನ ಸೀಟಿನ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, ದವಾಖಾನೆಯವರು ಏನಂದರು ಎಂದು ಮೆಲ್ಲಗೆ ಕೇಳಿದಳಂತೆ. ಇವರು ಸುಳ್ಳು ಹೇಳುವವರಲ್ಲ.

"ಬೇರಿಂಗ್ ಹೋಗ್ಯಾವಬೇ ಯವ್ವಾ. ಮನ್ಯಾಗ ಬಿಚ್ಚಿ ಬದಲಿ ಮಾಡ್ತೀನಿ."

ಮುದುಕಿ ಕಣ್ಣಿಗೆ ಸೆರಗು ಹಚ್ಚಿದಳಂತೆ. "ಮನ್ಯಾಗ ಬಿಚ್ಚಬ್ಯಾಡೋ ಯಪ್ಪಾ. ಇನ್ನೊಬ್ಬ ಡಾಕ್ಟರಗ ತೋರ್ಸು."

೨. ಗಿರಣಿ

ಮಶೀನಿನ ಬೆಲ್ಟು ಹರಿದಿತ್ತು. ಓಣಿಯ ಹಿಟ್ಟಿನ ಗಿರಣಿಯವರು ತಮ್ಮ ಹಳೆಯ ಬೆಲ್ಟನ್ನೇ ಸೀಳಿ, ಅಳತೆಗೆ ಜೋಡಿಸಿ ಕೊಟ್ಟರು. ಯಜಮಾನರು ನನ್ನ ತವರಿನಿಂದ ಬಂದ ಮೇಜಿನ ಮೇಲೆ ಮಶೀನು ನಿಲ್ಲಿಸಿ ಬಟನ್ ಒತ್ತಿದರು. ಎಷ್ಟೋ ವರ್ಷಗಳಿಂದ ಬೆಲ್ಟಿನಲ್ಲಿ ಮೆತ್ತಿಕೊಂಡಿದ್ದ ಜೋಳದ ಹಿಟ್ಟು ಒಮ್ಮೆಲೇ ಎದ್ದಿತು. ಮೇಜು, ಗೋಡೆ, ಗಡಿಯಾರ, ಯಜಮಾನರ ಮೀಸೆ ಎಲ್ಲ ಬೆಳ್ಳಗಾದವು. ನಾನು ಕಸಬರಿಗೆ ತಂದು ಯಜಮಾನರ ಕೈಗೆ ಕೊಟ್ಟೆ.

ಅಷ್ಟರಲ್ಲಿ ಮಶೀನಿನ ಗಿರಣಿಯಂಥ ಸದ್ದು ಕೇಳಿದ ಬಾಜೂ ಮನೆಯಾಕೆ ಜೋಳದ ಬುಟ್ಟಿ ಹೊತ್ತು ಬಾಗಿಲಿಗೆ ಬಂದಳು. ಒಳಗಿನ ಹಿಟ್ಟು ನೋಡಿ ಅವಳಿಗೆ ಇದ್ದ ಸಂಶಯವೂ ಹೋಯಿತು.

"ನಂದೊಂದಿಷ್ಟು ಸಣ್ಣಗ ಬೀಸ್ರಿ ಮಾಸ್ತರ. ಕಡಕ್ ರೊಟ್ಟಿಗೆ ಬೇಕು."

೩. ಎರಡು ಎಳೆ

ಅವತ್ತೇ ನಾನು ಗಡುವು ಹಾಕಿದೆ. ಆಯುಧ, ಉಪಕರಣಗಳನ್ನು ಪೂಜಿಸುವ ಖಂಡೇ ಪೂಜೆಯ ಹಿಂದಿನ ದಿನದೊಳಗೆ ಈ ಮಶೀನು ಒಂದೇ ಒಂದು ನೆಟ್ಟಗಿನ, ಗುಂಡನೆಯ ತೂತು ಕೊರೆಯಬೇಕು. ಇಲ್ಲವಾದರೆ ಗುಜರಿಯವನ ಗಾಡಿ ಹತ್ತಬೇಕು.

ಯಜಮಾನರು ಬೇರಿಂಗ್ ಬದಲಿಸಿದರು, ಅದೂ ಎರಡು ಸಲ. ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಲು ಇಟ್ಟು ಶಾಲೆಗೆ ಹೋಗುವುದು, ಸಂಜೆ ಬಂದು ಜೋಡಿಸುವುದು. ಆದರೂ ಮಶೀನು ಚಾಲೂ ಆದೊಡನೆ ಕೊರೆಯುವ ಬಿಟ್ ಕುಣಿಯುತ್ತಿತ್ತು. ತೂತು ಹುಣಸೆಬೀಜದ ಆಕಾರಕ್ಕೆ ಬರುತ್ತಿತ್ತು. ಗಡುವಿಗೆ ಎರಡು ದಿನ ಇರುವಾಗ, "ಇರಲಿ, ಕೊಟ್ಟುಬಿಡೂಣು" ಎಂದು ಇವರು ಕೈ ತೊಳೆದುಕೊಂಡರು. ನನ್ನ ಮಾತು ಗೆದ್ದಿತ್ತು. ಆದರೆ ತಮಗಾಗಿ ಎಂದೂ ಏನೂ ಬೇಡದ ಮನುಷ್ಯ ಅವತ್ತು ಊಟದಲ್ಲಿ ಎರಡನೆಯ ರೊಟ್ಟಿ ಬೇಡವೆಂದರು. ಅದನ್ನು ನಾನು ಗಮನಿಸಿದೆ.

ಕಾನ್ವೆಂಟಿನಲ್ಲಿ ಕಸೂತಿ ಕಲಿಯುವಾಗ ಒಂದೆಳೆ ತಪ್ಪಿದರೂ ಸಿಸ್ಟರ್ ಪೂರಾ ಬಿಚ್ಚಿಸುತ್ತಿದ್ದರು. ತಪ್ಪು ಹುಡುಕುವುದು ನನಗೆ ಹೊಸದಲ್ಲ. ಬಟ್ಟೆ ಸಾಬೂನಿನ ತುಂಡಿಗೆ ಸೂಜಿ ಚುಚ್ಚಿ, ಅದರ ತುದಿ ಬಿಟ್‌ಗೆ ತಾಗುವಂತೆ ಇಟ್ಟು, ಮಶೀನನ್ನು ಕೈಯಿಂದಲೇ ತಿರುಗಿಸಿದೆ. ಒಂದು ಕಡೆ ಸೂಜಿ ತಾಗಿತು. ಇನ್ನೊಂದು ಕಡೆ ಸಂದು ಬಿತ್ತು.

"ಎರಡು ಎಳಿ ಸೊಟ್ಟ ಐತ್ರಿ" ಎಂದೆ.

ಎರಡು ಎಳೆ ಎಂದರೆ ಎಷ್ಟು ಮಿಲಿಮೀಟರ್ ಎಂದು ಗಣಿತದ ಮಾಸ್ತರು ಕೇಳಿದರು.

"ಎಷ್ಟರ ಇರವಲ್ದ್ಯಾಕ. ಪೂರಾ ಬಿಚ್ರಿ."

೪. ಹಣೆ

ಬಿಚ್ಚುವ ಹೊತ್ತಿಗೆ ಗಡುವಿನ ದಿನ ಬಂದೇಬಿಟ್ಟಿತು. ನಾನೇ ಹೇಳಿಕಳಿಸಿದ್ದ ಗುಜರಿಯವನು ತಕ್ಕಡಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ಬಿಟ್ ಕಚ್ಚಿ ಹಿಡಿಯುವ ಚಕ್ಕನ್ನು ಯಜಮಾನರು ಕಳಚಿದರು. ಅದು ಕೂರುವ ಉಕ್ಕಿನ ಮೊನೆಯ ಮೇಲೆ ಬಿಳಿಯದೇನೋ ಗಟ್ಟಿಯಾಗಿ ಅಂಟಿಕೊಂಡಿತ್ತು, ಅದೂ ಒಂದೇ ಕಡೆ. ತಮ್ಮ ಕೈಯ ಸೀಮೆಸುಣ್ಣವಿರಬೇಕು, ದಿನಾ ಕಾಣುತ್ತದೆ ಎಂದರು. ನಾನು ಮೂಸಿ ನೋಡಿದೆ. ವಿಭೂತಿ.

ಮನೆಯಲ್ಲಿ ದಿನಾ ಪೂಜೆ ಮಾಡಿ ವಿಭೂತಿ ಹಚ್ಚುವವರು ಅತ್ತೆಯವರು. ಅವರನ್ನು ಕರೆದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಒಣಗಲು ನಿಲ್ಲಿಸಿದ ಆ ಮೊನೆಗೆ ದಿನಾ ಮುಂಜಾನೆ ಪೂಜೆಯಾದ ಮೇಲೆ ಮೂರು ಬೆರಳಿನಿಂದ ಹಚ್ಚುತ್ತಿದ್ದರಂತೆ.

"ನೆಟ್ಟಗ ನಿಂತಾಗ ಲಿಂಗಪ್ಪನಂಗ ಕಾಣಸ್ತೈತಿ. ಬರೇ ಹಣೀಲೆ ಹೆಂಗ ಬಿಡೂದು?"

"ಒಂದ ಕಡೆ ಯಾಕ ಹಚ್ಚಿದ್ರಿ, ಅತ್ತೀ?"

"ಹಣಿ ಒಂದ ಕಡೇನ ಇರತೈತಲ್ಲ, ನನ್ನವ್ವಾ."

ಯಜಮಾನರು ಮೊನೆಯನ್ನು ಒರೆಸಿ, ಚಕ್ಕನ್ನು ಮತ್ತೆ ಕೂಡಿಸಿದರು. ಸೂಜಿ ಸುತ್ತಲೂ ಒಂದೇ ಸಮ ತಾಗಿತು. ಕಬ್ಬಿಣದ ಪಟ್ಟಿಯೊಂದಕ್ಕೆ ತೂತು ಕೊರೆದರು. ನಾನು ಅದರಲ್ಲಿ ಹೆಣಿಗೆಯ ಕಡ್ಡಿ ತೂರಿಸಿ, ಕಂಪಾಸ್ ಪೆಟ್ಟಿಗೆಯ ತ್ರಿಕೋನ ಹಿಡಿದು ನಾಲ್ಕೂ ಕಡೆಯಿಂದ ನೋಡಿದೆ. ಮೂವತ್ತು ವರ್ಷ ಮಕ್ಕಳಿಗೆ ಫಲಿತಾಂಶ ಓದಿದವರು ಕೈಕಟ್ಟಿ ನಿಂತಿದ್ದರು.

"ಪಾಸ್" ಎಂದೆ.

ಅವರು ಪಟ್ಟಿಯನ್ನು ಎತ್ತಿ, ಆ ತೂತಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಒಳಗೆ ಹೋಗಿ ಚಹಾ ಮಾಡಿ ತಂದು, ಗುಜರಿಯವನಿಗೆ ಕೊಟ್ಟು ಕಳಿಸಿದೆ.

ಮರುದಿನ ಖಂಡೇ ಪೂಜೆ. ವಿಭೂತಿ ಹಚ್ಚಬೇಡಿ ಎನ್ನುವುದು ನಮ್ಮ ಮನೆಯಲ್ಲಿ ಆಗದ ಮಾತು. ಹಾಗಾಗಿ ಮೋಟರಿನ ಹೊರಮೈ ಮೇಲೆ, ಸೀಮೆಸುಣ್ಣದಿಂದ ನಾನೇ ಒಂದು ಚೌಕ ಬರೆದೆ. ಮಶೀನಿನ ಹಣೆ ಇದೇ, ಇದರಾಚೆ ಬೆರಳು ಹೋಗಕೂಡದು ಎಂದು ಅತ್ತೆಯವರಿಗೆ ತಿಳಿಸಿದೆ. ಅವರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಬಂದವರು ಹಾಗೇ ನಿಂತರು. ತಲೆ ವಾರೆ ಮಾಡಿ ನನ್ನ ಚೌಕವನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದರು.

"ಎರಡು ಎಳಿ ಸೊಟ್ಟ ಐತಿ, ನನ್ನವ್ವಾ" ಎಂದರು. "ಪೂರಾ ಅಳಸು."