ಡಬಲ್ ಹೊಲಿಗೆಯ ಈಜುಕೊಳ

"ಈ ಬೇಸಿಗೆಯಲ್ಲಿ ನಮ್ಮನೇಲಿ ಯಾರೂ ಸಂಜೆ ಹೊತ್ತು ಬೆವರಬಾರದು! ಹಿತ್ತಲಲ್ಲಿ ಈಜುಕೊಳ ಮಾಡ್ತೀನಿ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ಹೊಂದೋ ಕೊಳ. ಯಾರ ಸಹಾಯಾನೂ ಬೇಡ, ನಾನೊಬ್ಬನೇ ಮಾಡ್ತೀನಿ!"

ಟೇಲರ್ ಮಾಸ್ಟರು ಈ ಘೋಷಣೆ ಹೊರಡಿಸಿದ್ದು ಊಟದ ಮೇಜಿನ ಮುಂದೆ, ಕೊರಳಲ್ಲಿ ಅಳತೆ ಟೇಪನ್ನು ಹಾರದಂತೆ ಇಳಿಬಿಟ್ಟುಕೊಂಡು. ಅಂಗಡಿಯಿಂದ ಬಂದ ಮೇಲೂ ಅವರು ಅದನ್ನು ತೆಗೆಯುವುದಿಲ್ಲ. ಮದುವೆಯ ಫೋಟೋದಲ್ಲೂ ಕೋಟಿನ ಕಾಲರಿನ ಕೆಳಗೆ ಅದರ ತುದಿ ಇಣುಕುತ್ತಿದೆ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

"ಯಾವಾಗ ರೆಡಿ ಆಗುತ್ತೆ?" ಎಂದಳು ಹೆಂಡತಿ, ತಟ್ಟೆ ಎತ್ತುತ್ತಾ.

"ಶುಕ್ರವಾರ!"

"ಅದು ಕ್ಯಾಲೆಂಡರಿನಲ್ಲಿರೋ ಶುಕ್ರವಾರನಾ, ಇಲ್ಲ ನೀವು ಗಿರಾಕಿಗಳಿಗೆ ಹೇಳೋ ಶುಕ್ರವಾರನಾ?"

ಮಗಳು ಕಿಸಕ್ಕೆಂದು ನಕ್ಕಳು. ಮೇಜಿನ ಆ ತುದಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅತ್ತೆ ಮಾತ್ರ ನಗಲಿಲ್ಲ. "ಮಾಡಲಿ ಬಿಡು. ಡಾಕ್ಟರು ನನಗೆ ನೀರಲ್ಲಿ ನಡೀರಿ ಅಂದಿದಾರೆ," ಎಂದರು. ಅಷ್ಟು ಸಾಕಾಯಿತು. ಮಾಸ್ಟರ ಎದೆ ಎರಡಿಂಚು ಉಬ್ಬಿತು. ಟೇಪು ಅಲ್ಲೇ ಇತ್ತು, ಬೇಕಾದರೆ ಅಳೆದು ನೋಡಬಹುದಿತ್ತು.

ಈ ಅತ್ತೆಯ ವಿಷಯ ಸ್ವಲ್ಪ ಹೇಳಲೇಬೇಕು. ಹೆಂಡತಿಯ ತಾಯಿ. ಪ್ರತಿ ಬೇಸಿಗೆಗೂ ದೊಡ್ಡ ಸೂಟ್‌ಕೇಸಿನ ಸಮೇತ ಬರುತ್ತಾರೆ. ಅಳಿಯನ ಮೇಲೆ ಅವರಿಗೆ ದೂರಿಲ್ಲ, ಕೋಪವಿಲ್ಲ. ಆದರೆ ಮದುವೆಯಾದಾಗಿನಿಂದ ಇವತ್ತಿನವರೆಗೆ ಅಳಿಯನ ಕೈಲಿ ಒಂದೇ ಒಂದು ಬಟ್ಟೆ ಹೊಲಿಸಿದವರಲ್ಲ! ಸೂಟ್‌ಕೇಸಿನ ತುಂಬ ತಮ್ಮೂರಿನ ಯಾರೋ ಟೇಲರ್ ಹೊಲಿದ ಬಟ್ಟೆಗಳು. ಊರಿನ ಅರ್ಧ ಜನರ ಸೊಂಟದ ಸುತ್ತಳತೆಯನ್ನು ಬಾಯಿಪಾಠ ಮಾಡಿಕೊಂಡ ಮಾಸ್ಟರಿಗೆ ಇದನ್ನು ನುಂಗಿಕೊಳ್ಳುವುದು ಎಷ್ಟು ಕಷ್ಟ, ನೀವೇ ಯೋಚಿಸಿ. ಅತ್ತೆಯ ಬಟ್ಟೆ ಹಗ್ಗದ ಮೇಲೆ ಒಣಗುವಾಗಲೆಲ್ಲ ಅವರು ಆಚೀಚೆ ನೋಡಿ, ಮೆಲ್ಲಗೆ ಒಳಮಗ್ಗುಲು ತಿರುವಿ, "ಥೂ, ಇದೂ ಒಂದು ಹೊಲಿಗೆನಾ!" ಎಂದು ಗೊಣಗಿಕೊಂಡು ಬರುತ್ತಿದ್ದರು. ಬಾಯಿಬಿಟ್ಟು ಕೇಳಲು ಸ್ವಾಭಿಮಾನ ಅಡ್ಡ ಬರುತ್ತಿತ್ತು. ತಾನು ಮಾಡಿದ ಕೊಳದಲ್ಲಿ ಅತ್ತೆ ಹಾಯಾಗಿ ಕೂತು ಒಂದು ಸಲ "ಭೇಷ್ ಅಳಿಯಂದ್ರೇ" ಅಂದರೆ ಸಾಕು, ಬಟ್ಟೆ ಹೊಲಿಸುವ ಮಾತು ತಾನಾಗಿಯೇ ಅದರ ಹಿಂದೆ ಬರುತ್ತದೆ. ಇದು ಮಾಸ್ಟರ ಗುಟ್ಟಿನ ಲೆಕ್ಕಾಚಾರ.

ಮರುದಿನವೇ ಗುದ್ದಲಿ ಪೂಜೆ! ಪೂಜೆ ಎಂದರೆ ಬೇರೇನಿಲ್ಲ, ಮಾಸ್ಟರು ಗುದ್ದಲಿಗೆ ಕೈ ಮುಗಿದು, ಹಿತ್ತಲಿನ ನಟ್ಟನಡುವೆ ಬಲವಾಗಿ ಒಂದು ಏಟು ಹಾಕಿದರು. ಠಣ್ ಎಂದಿತು. ಇನ್ನೊಂದು ಕಡೆ ಹಾಕಿದರು. ಠಣ್! ಹಿತ್ತಲಿನ ತುಂಬ ಒಂದು ಗೇಣು ಮಣ್ಣು, ಅದರ ಕೆಳಗೆ ಬರೀ ಬಂಡೆ. ಮಧ್ಯಾಹ್ನದ ಹೊತ್ತಿಗೆ ಬೆಕ್ಕು ಮಲಗುವಷ್ಟು ಹಳ್ಳವಾಗಿತ್ತು, ಮಾಸ್ಟರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಇಷ್ಟು ವರ್ಷ ಗುಂಡಿ ಹೊಲಿದವರಿಗೆ ಗುಂಡಿ ತೋಡೋದು ಎಲ್ಲಿಂದ ಬರಬೇಕು?" ಎಂದಳು ಹೆಂಡತಿ, ಬೊಬ್ಬೆಗೆ ಮುಲಾಮು ಹಚ್ಚುತ್ತಾ. "ಹೋಗ್ಲಿ ಬಿಡಿ. ನೆಲದ ಮೇಲೆ ನಿಲ್ಲಿಸೋ ಕೊಳ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತಂತೆ. ತಂದು ಗಾಳಿ ಊದಿದ್ರೆ ಮುಗೀತು."

ಅಯ್ಯಯ್ಯೋ! ಆ ಪುಣ್ಯಾತ್ಗಿತ್ತಿ ಬೇರೆ ಯಾವ ಮಾತನ್ನಾದರೂ ಆಡಬಹುದಿತ್ತು. ರೆಡಿಮೇಡ್! ಯಾರ ಮನೆಯಲ್ಲಿ! ಮಾಸ್ಟರು ಮುಲಾಮಿನ ಕೈಯನ್ನು ಎಳೆದುಕೊಂಡು ಎದ್ದೇಬಿಟ್ಟರು.

"ರೆಡಿಮೇಡ್ ಅನ್ನೋದು ಯಾರ ಅಳತೆಗೂ ಮಾಡಿದ್ದಲ್ಲ, ತಿಳ್ಕೋ! ಅದನ್ನ ಮಾಡಿದವನಿಗೆ ನಿಮ್ಮಮ್ಮನ ಮೊಣಕಾಲು ಎಲ್ಲಿದೆ ಅಂತ ಗೊತ್ತಾ? ನೆಲದ ಮೇಲೆ ನಿಲ್ಲೋ ಕೊಳ ಅಂದ್ರೆ ಏನು? ಒಂದು ದೊಡ್ಡ ಚೀಲ. ಚೀಲ ಹೊಲಿಯೋಕೆ ನನಗೆ ಬರಲ್ವಾ?"

"ರೀ, ಅದು ನೀರು ಹಾಕೋ ಚೀಲ."

"ಏನಾದ್ರೂ ಹಾಕ್ಕೋ. ಹೊಲಿಗೆ ಹೊಲಿಗೇನೇ!"

ಅಂದಿನಿಂದ ಅಂಗಡಿಯ ಗಿರಾಕಿಗಳ ಪಾಡು ದೇವರಿಗೇ ಪ್ರೀತಿ. ಕತ್ತರಿಸಿಟ್ಟ ಪ್ಯಾಂಟುಗಳು ಒಂದೊಂದೇ ಕಾಲಿನಲ್ಲಿ ನಿಂತವು. ಲಾರಿಗೆ ಹೊದಿಸುವ ದಪ್ಪ ನೀಲಿ ಟಾರ್ಪಾಲು ಅಂಗಡಿಯ ನೆಲದ ತುಂಬ ಹರಡಿಕೊಂಡಿತು. ಮಾಸ್ಟರು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಳತೆ ತೆಗೆದರು. ಮಗಳ ಎದೆಮಟ್ಟ ಎಷ್ಟು, ಹೆಂಡತಿಯ ಸೊಂಟಮಟ್ಟ ಎಷ್ಟು, ಕಾಲು ಚಾಚಿ ಕೂತರೆ ಎಷ್ಟು ಜಾಗ ಬೇಕು. ಅತ್ತೆ ಮಾತ್ರ "ನನ್ನ ಅಳತೆ ಯಾಕೆ, ನೀರು ತಾನಾಗಿ ಸುತ್ತ ಬರುತ್ತಲ್ಲ" ಎಂದು ಜಾರಿಕೊಂಡರು. ಮಾಸ್ಟರು ಮನಸ್ಸಿನಲ್ಲೇ ಹಲ್ಲು ಕಡಿದು, ಅವರ ಅಳತೆಯನ್ನು ಕಣ್ಣಂದಾಜಿನಲ್ಲಿ ಹಾಕಿಕೊಂಡರು.

ಹೊಲಿಗೆ ಎಂದರೆ ಎಂಥ ಹೊಲಿಗೆ! ಟಾರ್ಪಾಲನ್ನು ಅಡ್ಡ ಪಟ್ಟಿಗಳಾಗಿ ಕತ್ತರಿಸಿ ಒಂದರ ಮೇಲೊಂದು ಜೋಡಿಸಿದರು. ಗಟ್ಟಿ ಇರಲಿ ಎಂದು ಪ್ರತಿ ಜೋಡಣೆಗೂ ಡಬಲ್ ಹೊಲಿಗೆ. ಅತ್ತೆ ಕೂರುವ ಮೂಲೆಗೆ, ವಿಶೇಷ ಗೌರವದಿಂದ, ಇನ್ನೂ ಎರಡು ಸಾಲು. ಅಂಚಿಗೆ ಬಿರುಸಾದ ಕಾಲರು. ಸೋಪು, ಬಾಚಣಿಗೆ, ಅತ್ತೆಯ ಕನ್ನಡಕ ಇಡಲು ಹೊರಮೈಗೆ ಮುಚ್ಚಳದ ಜೇಬುಗಳು. ಮಗಳು ಬೆಳೆಯುವ ಹುಡುಗಿ, ಬೇಕಾದಾಗ ಬಿಚ್ಚಿ ಎತ್ತರ ಮಾಡಿಕೊಳ್ಳಲಿ ಎಂದು ಒಳಗೆ ಮಡಿಸಿ ಬಿಟ್ಟ ಹೆಚ್ಚುವರಿ ಬಟ್ಟೆ ಬೇರೆ! ಮೂರು ಸೂಜಿ ಮುರಿದವು, ಹೊಲಿಗೆ ಯಂತ್ರ ಮುದುಕನಂತೆ ಕೆಮ್ಮಿತು, ಮಾಸ್ಟರು ಬಗ್ಗಲಿಲ್ಲ.

ಹೀಗೆ, ಹೇಳಿದ ಶುಕ್ರವಾರ ಹೋಗಿ ಅದರ ಮುಂದಿನದೂ ಹೋಗಿ, ಒಂದು ಭಾನುವಾರ ಹಿತ್ತಲಿನಲ್ಲಿ ಕಬ್ಬಿಣದ ಪೈಪುಗಳ ಚೌಕಟ್ಟಿಗೆ ನೀಲಿ ಕೊಳ ತೂಗುಬಿತ್ತು. ನೋಡಲು ನಿಜಕ್ಕೂ ಚೆಂದವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಯಾವುದೋ ರಾಕ್ಷಸನ ಕೋಟು ಮಗುಚಿ ಬಿದ್ದಂತೆ, ಆದರೆ ಒಳ್ಳೆಯ ಫಿಟ್ಟಿಂಗಿನ ಕೋಟು.

ನೀರು ಬಿಡುವ ಮೊದಲು ಟ್ರಯಲ್! ಹೆಂಡತಿ, ಮಗಳು ಇಬ್ಬರನ್ನೂ ಒಣಕೊಳದೊಳಗೆ ಇಳಿಸಿದ ಮಾಸ್ಟರು ತಲೆ ವಾರೆ ಮಾಡಿ ಸುತ್ತಲೂ ಒಂದು ಸುತ್ತು ಬಂದರು.

"ಭುಜದ ಹತ್ರ ಬಿಗಿ ಅನ್ಸುತ್ತಾ?"

"ರೀ, ಇದು ಕೊಳ ರೀ!"

"ಕೈ ಎತ್ತಿ ನೋಡು. ಎಲ್ಲೂ ಹಿಡಿಯಲ್ಲ ತಾನೆ?"

"ನಿಮ್ಮ ತಲೆ! ಬಿಸಿಲಿಗೆ ಟಾರ್ಪಾಲು ಕಾದು ಕಾಲು ಸುಡ್ತಿದೆ, ಬೇಗ ನೀರು ಬಿಡಿ!"

ಮಾಸ್ಟರು ಒಪ್ಪಿಗೆಯಿಂದ ತಲೆಯಾಡಿಸಿ, ಚೌಕಟ್ಟಿಗೆ ಒಂದು ಫಲಕ ನೇತುಹಾಕಿದರು. "ಕೊಳಕ್ಕೆ ಇಳಿಯುವವರು ಕಡ್ಡಾಯವಾಗಿ ತಲೆಗೆ ಸ್ನಾನ ಮಾಡಿ ಬರತಕ್ಕದ್ದು." ಅತ್ತೆ ಅದನ್ನು ಗಟ್ಟಿಯಾಗಿ ಓದಿ, "ಶಿಸ್ತು ಅಂದ್ರೆ ಇದು," ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲುಮನೆಗೆ ನಡೆದರು. ಶಿಸ್ತು! ಹೊಗಳಿಕೆ ಶುರುವಾಯಿತು! ಮಾಸ್ಟರು ಕುಣಿಯುವುದೊಂದು ಬಾಕಿ. ಮಹಡಿಯ ಟ್ಯಾಂಕಿನಿಂದ ಬರುವ ನಲ್ಲಿಗೆ ದಪ್ಪ ಪೈಪು ಸಿಕ್ಕಿಸಿ ಪೂರ್ತಿ ತಿರುಗಿಸಿದರು.

ಬೇಲಿಯಾಚೆಗೆ ಪಕ್ಕದ ಮನೆಯ ಡ್ರೈವಿಂಗ್ ಮೇಷ್ಟ್ರ ತಲೆ ಮೂಡಿತು. ದಿನವಿಡೀ ಕಲಿಯುವವರ ಪಕ್ಕದಲ್ಲಿ ಕೂತು ಜೀವ ಕೈಯಲ್ಲಿ ಹಿಡಿದುಕೊಂಡಿರುವ ಮನುಷ್ಯ, ಗಾಬರಿಯಾದರೆ ಎಲ್ಲಿದ್ದರೂ ಬಲಗಾಲನ್ನು ನೆಲಕ್ಕೆ ಒತ್ತುತ್ತಾರೆ.

"ಏನು ಮಾಸ್ಟರೇ, ಕೊಳಕ್ಕೆ ಕಾಲರಾ?"

"ಕಾಲರಿಲ್ಲದೆ ಅಂಚು ನಿಲ್ಲಲ್ಲ ಮೇಷ್ಟ್ರೇ. ನಿಮಗೂ ಬೇಕಾದ್ರೆ ಅಳತೆ ಕೊಟ್ಟು ಹೋಗಿ. ಶುಕ್ರವಾರ ಸಿಗುತ್ತೆ!"

ನೀರು ಪಾದದಷ್ಟು ಏರಿತು, ಗೇಣಾಯಿತು. ಮಗಳು ಚಪ್ಪಾಳೆ ತಟ್ಟಿ ಒಳಗೆ ಕುಣಿದಳು. ಆಗ ಕೆಳಗಿನ ಹೊಲಿಗೆಯ ಮೇಲೆ ಒಂದು ಹನಿ ಕಾಣಿಸಿಕೊಂಡಿತು. ಮಾಸ್ಟರು ಅದನ್ನು ಹೆಬ್ಬೆರಳಿನಿಂದ ಒರೆಸಿದರು. ಪಕ್ಕದಲ್ಲೇ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು. ನೋಡನೋಡುತ್ತಿದ್ದಂತೆ ಹೊಲಿಗೆಯ ಉದ್ದಕ್ಕೂ ಮಣಿಸರ ಪೋಣಿಸಿದಂತೆ ಹನಿಗಳು ಸಾಲುಗಟ್ಟಿದವು.

"ರೀ, ಬೆವರ್ತಿದೆ!" ಎಂದಳು ಆಗಲೇ ಹೊರಗೆ ಇಳಿದಿದ್ದ ಹೆಂಡತಿ, ಆ ಕಡೆಯಿಂದ. "ಯಾರೂ ಬೆವರಬಾರದು ಅಂದಿದ್ರಲ್ಲ, ಕೊಳಾನೇ ಬೆವರ್ತಿದೆ!"

ನೀರು ಎರಡನೆಯ ಹೊಲಿಗೆಗೆ ಏರಿತ್ತು, ಹನಿಗಳು ಚಿಲುಮೆಗಳಾಗಿದ್ದವು. ಸೂಜಿ ಇಳಿದ ಒಂದೊಂದು ಜಾಗದಿಂದಲೂ ಒಂದೊಂದು ನೂಲಿನಂಥ ಧಾರೆ! ಮಾಸ್ಟರು ತಮ್ಮ ಹೊಲಿಗೆಯನ್ನೇ ಪಿಳಿಪಿಳಿ ನೋಡಿದರು. ಆಯುಷ್ಯವಿಡೀ ಬಟ್ಟೆ ಹೊಲಿದಿದ್ದರು, ಯಾವ ಗಿರಾಕಿಯೂ ಪ್ಯಾಂಟಿನಲ್ಲಿ ನೀರು ತುಂಬಿಸಿ ನೋಡಿರಲಿಲ್ಲ. ಹೊಲಿಗೆ ಎಂದರೆ ತೂತುಗಳ ಸಾಲು ಎನ್ನುವುದು ಅವರಿಗೆ ಹೊಳೆದದ್ದು ಅದೇ ಮೊದಲು. ಗಟ್ಟಿಯಿರಲೆಂದು ಡಬಲ್ ಹೊಲಿಗೆ ಹಾಕಿದ್ದರಲ್ಲ, ತೂತೂ ಡಬಲ್ಲು!

"ಬ್ರೇಕ್, ಮಾಸ್ಟರೇ, ಬ್ರೇಕ್!" ಎಂದು ಬೇಲಿಯಾಚೆಯಿಂದ ಡ್ರೈವಿಂಗ್ ಮೇಷ್ಟ್ರು ಕೂಗಿದರು. ಅವರ ಬಲಗಾಲು ಹೂವಿನ ಪಾತಿಯಲ್ಲಿ ಹುಗಿದುಹೋಗಿತ್ತು.

"ನಲ್ಲಿ ನಿಲ್ಸಿ ರೀ!" ಎಂದಳು ಹೆಂಡತಿ.

ನಿಲ್ಲಿಸಬೇಕಿತ್ತು. ಯಾರಾದರೂ ನಿಲ್ಲಿಸುತ್ತಿದ್ದರು. ಆದರೆ ಅತ್ತೆ ಇನ್ನೇನು ಸ್ನಾನ ಮುಗಿಸಿ ಬರುತ್ತಾರೆ! ಬಂದವರಿಗೆ ಖಾಲಿ ಚೀಲ ತೋರಿಸುವುದೇ? "ಸೋರೋದಕ್ಕಿಂತ ಜೋರಾಗಿ ತುಂಬಿದ್ರೆ ನಿಲ್ಲುತ್ತೆ!" ಎಂದು ಕೂಗಿದ ಮಾಸ್ಟರು, ಅಡುಗೆಮನೆಯ ನಲ್ಲಿಗೂ ಒಂದು ಪೈಪು ಸಿಕ್ಕಿಸಿ ಕಿಟಕಿಯಿಂದ ಎಳೆತಂದರು. ಕೊಳ ನಿಜವಾಗಿಯೂ ಏರತೊಡಗಿತು. ಮೂರನೆಯ ಹೊಲಿಗೆಯೂ ಬಾಯಿಬಿಟ್ಟಿತು. ಮಾಸ್ಟರು ಹತ್ತು ಬೆರಳಿನಿಂದ ಹತ್ತು ತೂತು ಮುಚ್ಚಿದರು, ಮೊಣಕೈಯಿಂದ ಎರಡು, ಹಣೆಯಿಂದ ಒಂದು. ಉಳಿದವು ಅವರ ಮೀಸೆಯನ್ನು ನೆನೆಸಿದವು. ಇನ್ನೊಂದೇ ಗೇಣು ಏರಬೇಕು ಅನ್ನುವಾಗ ಎರಡೂ ಪೈಪುಗಳು ಗೊರ್ರ್ ಎಂದು ಸದ್ದು ಮಾಡಿ, ಒಂದು ಗುಟುಕು ಗಾಳಿ ಉಗುಳಿ ಸುಮ್ಮನಾದವು. ಟ್ಯಾಂಕು ಖಾಲಿ!

ಆಗ ಬಚ್ಚಲುಮನೆಯಿಂದ ಒಂದು ಧ್ವನಿ ಬಂತು.

"ನೀರೆಲ್ಲಿ?"

ಹೆಂಡತಿ ತಲೆಯ ಮೇಲೆ ಕೈ ಹೊತ್ತುಕೊಂಡಳು. ಬಾಗಿಲು ದಢಾರನೆ ತೆರೆಯಿತು. ಉದ್ದನೆಯ ನಿಲುವಂಗಿ ಸಿಕ್ಕಿಸಿಕೊಂಡು, ತಲೆಯ ಮೇಲೆ ಬೆಟ್ಟದಷ್ಟು ಸೋಪಿನ ನೊರೆ ಹೊತ್ತು, ಎರಡೂ ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತಾ ಅತ್ತೆ ಹಿತ್ತಲಿಗೆ ಆಗಮಿಸಿದರು!

"ಕಣ್ಣುರಿ! ಕಣ್ಣುರಿ! ಕೊಳ ಎಲ್ಲಿದೆ? ನನ್ನ ಅದರೊಳಗೆ ಅದ್ದಿ!"

ಅದ್ದುವುದು ಹೇಗೆ? ಮೊಣಕಾಲು ನೋವಿನವರು, ಕಣ್ಣು ಬೇರೆ ಕಾಣುತ್ತಿಲ್ಲ. ಮಗಳೇ ಕೊಳದಿಂದ ಹೊರಗೆ ಹಾರಿ, ಓಡಿಹೋಗಿ ಒಂದು ತಗ್ಗು ಸ್ಟೂಲು ತಂದು, ಕೊಳದ ಹೊರಗೆ, ಚಿಲುಮೆಗಳ ಎದುರಿಗೆ ಇಟ್ಟು ಅಜ್ಜಿಯನ್ನು ಕೂರಿಸಿದಳು. ವಿಶೇಷ ಗೌರವದ ಆ ಮೂಲೆಯಲ್ಲಿ ಸೂಜಿತೂತುಗಳು ದಟ್ಟವಾಗಿದ್ದವು. ಮೇಲಿನ ಸಾಲಿನ ಧಾರೆ ಬಗ್ಗಿಸಿದ ತಲೆಯ ಮೇಲೆ ಬಿತ್ತು, ಕೆಳಗಿನ ಸಾಲಿನದು ಮೊಣಕಾಲಿನ ಮೇಲೆ. ನೊರೆ ಕರಗಿ ಹರಿದುಹೋಯಿತು. ಮಾಸ್ಟರು ಕೆಸರಿನಲ್ಲಿ ಕುಸಿದು ಕೂತು, ಇನ್ನು ಬೈಗುಳ ಬೀಳುತ್ತದೆಂದು ಕಾದರು.

ಬಿದ್ದದ್ದು ನಗು. ಅತ್ತೆ ಕಣ್ಣು ಬಿಟ್ಟು ಕೊಳವನ್ನು ನೋಡಿದರು, ಅಳಿಯನ ಒದ್ದೆ ಮೀಸೆಯನ್ನು ನೋಡಿದರು, ಸ್ಟೂಲು ಅಲ್ಲಾಡುವಂತೆ ನಕ್ಕರು. ಹೆಂಡತಿಯೂ ಸೇರಿಕೊಂಡಳು. ಮಗಳು ಚಿಲುಮೆಯಿಂದ ಚಿಲುಮೆಗೆ ಹಾರಾಡುತ್ತಿದ್ದಳು. ಸಂಜೆಯ ಗಾಳಿ ತಂಪಾಗಿತ್ತು. ಮನೆಯವರೆಲ್ಲ ಹಿತ್ತಲಲ್ಲೇ ಇದ್ದರು, ಎಲ್ಲರೂ ನೆನೆದಿದ್ದರು, ಕೊಳದ ಒಳಗೆ ಮಾತ್ರ ಯಾರೂ ಇರಲಿಲ್ಲ.

ಮಾಸ್ಟರಿಗೆ ದುಃಖ ಉಕ್ಕಿ ಬಂತು. ಹೋದ ಮರ್ಯಾದೆ ಹೇಗೂ ಹೋಗಿದೆ, ಇನ್ನು ಮುಚ್ಚಿಡುವುದೇನು?

"ಅತ್ತೆ, ಒಂದು ಕೇಳ್ತೀನಿ, ನಿಜ ಹೇಳಿ. ಊರಿಗೆಲ್ಲ ನಾನು ಹೊಲಿದುಕೊಡ್ತೀನಿ. ನೀವು ಮಾತ್ರ ಇವತ್ತಿನವರೆಗೂ ನನ್ನ ಹತ್ರ ಒಂದು ಬಟ್ಟೇನೂ ಹೊಲಿಸಿಲ್ಲ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

ಅತ್ತೆಯ ನಗು ನಿಂತಿತು. "ಅಯ್ಯೋ ದೇವರೇ, ಇದನ್ನ ಇಷ್ಟು ವರ್ಷ ಮನಸ್ಸಲ್ಲಿಟ್ಟುಕೊಂಡಿದ್ರಾ? ನಂಬಿಕೆ ಇಲ್ದೆ ಮಗಳನ್ನ ಕೊಟ್ಟೆನಾ? ಹಾಗಲ್ಲ ಅಳಿಯಂದ್ರೇ. ಹೊಲಿಸಿದ ಬಟ್ಟೆ ಮನೆಗೆ ತಂದ್ಮೇಲೆ ಟೇಲರನ್ನ ನಾಲ್ಕು ಮಾತು ಬೈಯದಿದ್ರೆ ನನಗೆ ಹಾಕ್ಕೊಂಡ ಹಾಗೇ ಅನ್ಸಲ್ಲ. ನಮ್ಮೂರಿನವನನ್ನ ಅವನ ಅಂಗಡಿ ಮುಂದೇನೇ ನಿಂತು ಬಾಯ್ತುಂಬ ಬೈತೀನಿ. ಅವನು ಬಿಚ್ಚಿ ಮತ್ತೆ ಹೊಲೀತಾನೆ. ನಿಮ್ಮನ್ನ ಹಾಗೆ ಬೈಯೋಕಾಗುತ್ತಾ? ಎಷ್ಟಾದ್ರೂ ಅಳಿಯ. ಆ ಒಂದು ಸಂಕೋಚಕ್ಕೆ ಸುಮ್ಮನಿದ್ದೆ."

ಮಾಸ್ಟರ ಕಣ್ಣು ತುಂಬಿತು. ಒದ್ದೆ ಮುಖದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ ಒದ್ದೆ ತಲೆಯನ್ನು ಒರೆಸಿಕೊಳ್ಳುತ್ತಾ, ಕೊಳವನ್ನು ಕಾಲರಿನಿಂದ ಕೆಳಗಿನ ಹೊಲಿಗೆಯವರೆಗೆ ಸಾವಕಾಶವಾಗಿ ಒಂದು ಸಲ ನೋಡಿದರು.

"ಇವತ್ತು ಇದನ್ನ ನೋಡಿದ್ಮೇಲೆ ಆ ಸಂಕೋಚ ಪೂರ್ತಿ ಬಿಟ್ಟುಹೋಯ್ತು ಕಣ್ರೀ. ನಾಳೆ ಬೆಳಿಗ್ಗೇನೇ ಅಳತೆ ತಗೊಳ್ಳಿ!"