ಹಕ್ಕುಫಲಕ ಹಿಡಿಯುವ ಹುದ್ದೆ

ಹದಿನೆಂಟು ತುಂಬದ ನೌಕರರಿರುವ ಪ್ರತಿಯೊಂದು ಅಂಗಡಿಯಲ್ಲೂ ಅವರ ಹಕ್ಕು ಮತ್ತು ಹೊಣೆಗಳ ಫಲಕವನ್ನು ಕೆಲಸದ ಅವಧಿಯುದ್ದಕ್ಕೂ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸತಕ್ಕದ್ದು ಎಂಬುದು ನಿಯಮ. ಚೋಮಾ ಪಟ್ಟಣದ ಹಮೂಂಗಾ ದಿನಸಿ ಅಂಗಡಿ ಯಾವತ್ತೂ ನಿಯಮ ಮೀರಿದ್ದಿಲ್ಲ. ಹನ್ನೊಂದು ವರ್ಷದಿಂದ ಇಲ್ಲಿ ಗುಮಾಸ್ತನಾಗಿರುವ ನಾನೇ ಅದಕ್ಕೆ ಸಾಕ್ಷಿ.

ಎಲ್ಲರಿಗೂ ಕಾಣುವ ಗೋಡೆ ನಮ್ಮಲ್ಲಿರುವುದು ಒಂದೇ. ಅಲ್ಲಿ ರಾಷ್ಟ್ರಾಧ್ಯಕ್ಷರ ಭಾವಚಿತ್ರವಿದೆ. ಅದರ ಸರಿಸಮಕ್ಕೆ ಇನ್ನೊಂದನ್ನು ನೇತುಹಾಕುವ ಎದೆಗಾರಿಕೆ ಚೋಮಾದಲ್ಲಿ ಯಾರಿಗೂ ಇಲ್ಲ. ಉಳಿದ ಗೋಡೆಗಳ ತುಂಬ ಜೋಳದ ಹಿಟ್ಟಿನ ಚೀಲಗಳು.

"ನೇತುಹಾಕಿದ್ರೆ ತಾನೆ ತಪ್ಪು? ಹಿಡ್ಕೊಂಡು ನಿಂತ್ರೆ ತಪ್ಪಿಲ್ವಲ್ಲ," ಎಂದರು ಮಾಲೀಕ ಹಮೂಂಗಾ.

ಹದಿನೆಂಟು ತುಂಬದವಳು ನಮ್ಮಲ್ಲಿ ಲುಯಾಂಡೊ ಒಬ್ಬಳೇ. ಬೆಳಗ್ಗೆ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬಿ, ಮಧ್ಯಾಹ್ನ ಶಾಲೆಗೆ ಹೋಗುತ್ತಿದ್ದ ಹುಡುಗಿ. ಹಕ್ಕು ಅವಳದಾದ್ದರಿಂದ ಹಿಡಿಯುವ ಹೊಣೆಯೂ ಅವಳದೇ ಎಂದು ತೀರ್ಮಾನವಾಯಿತು. ಫಲಕದ ನಾಲ್ಕನೇ ಕಲಮಿನಂತೆ ಕುಳಿತುಕೊಳ್ಳಲು ಸ್ಟೂಲನ್ನೂ ಕೊಟ್ಟೆವು. ಕೂತರೆ ಫಲಕ ಗಲ್ಲಾಪೆಟ್ಟಿಗೆಯ ಹಿಂದೆ ಮರೆಯಾಗುತ್ತಿತ್ತು. ಅಂಗಡಿ ಮುಚ್ಚುವ ತನಕ ಸ್ಟೂಲಿನ ಮೇಲೆ ನಿಲ್ಲಿಸಿದೆವು.

ಗುರುವಾರ ಎರಡು ಗಂಟೆಗೆ ಅವಳಿಗೆ ಹನ್ನೆರಡನೇ ತರಗತಿಯ ಗಣಿತ ಪರೀಕ್ಷೆ. ಒಂದೂವರೆಗೇ ಗೋಗರೆಯಲು ಶುರು ಮಾಡಿದಳು.

"ಬಾಸ್, ಹೊರಡ್ಲಾ? ಪರೀಕ್ಷೆ ದಿನ ಬಿಡ್ಲೇಬೇಕು ಅಂತ ಆರನೇ ಕಲಂ ಇದೆ."

"ಇಲ್ಲ ಅಂದೋರ್ಯಾರಮ್ಮ? ಧಾರಾಳವಾಗಿ ಹೋಗು. ಫಲಕ ಮಾತ್ರ ಇಳಿಸ್ಬೇಡ."

"ತಗೊಂಡೇ ಹೋಗ್ಲಾ ಹಾಗಾದ್ರೆ?"

"ಅಂಗಡಿ ಸಾಮಾನು ಹೊರಗೆ ಒಯ್ಯೋ ಹಾಗಿಲ್ಲ."

"ಮ್ವೀಂಬಾ ಮಾಮ, ನೀವಾದ್ರೂ ಹಿಡ್ಕೊಳ್ಳಿ. ಮೂರೇ ಗಂಟೆ ಹೊತ್ತು. ಇದೊಂದು ಪಾಸಾದ್ರೆ ನರ್ಸಿಂಗ್‌ಗೆ ಸೇರ್ಕೋತೀನಿ," ಎಂದು ನನ್ನತ್ತ ತಿರುಗಿದಳು.

ನನಗೆ ನಲವತ್ತಮೂರು ವರ್ಷ. ಕಿರಿಯರ ಹಕ್ಕಿಗೆ ಹಿರಿಯರು ಕೈಹಾಕುವುದು ಅಪರಾಧವೆಂದು ತಿಳಿಹೇಳಿದೆ. ಹೇಳಿದ ಮೇಲೆ ನಾಚಿಕೆಯಾಯಿತು. ಆದರೆ ನಮ್ಮ ರಿಜಿಸ್ಟರಿನಲ್ಲಿ ನಾಚಿಕೆ ನಮೂದಿಸಲು ಜಾಗವಿಲ್ಲ.

ಅಷ್ಟರಲ್ಲಿ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಮುಲೇಯಾ ತಪಾಸಣೆಗೆ ಬಂದರು. ಫಲಕವನ್ನು ಮೂರು ಗಂಟೆಯವರೆಗೆ ಓದಿದರು. ಆರನೇ ಕಲಮನ್ನು ಎರಡು ಸಲ, ಗಟ್ಟಿಯಾಗಿ.

"ಸಾರ್, ಪರೀಕ್ಷೆ ಶುರುವಾಗಿ ಒಂದು ಗಂಟೆ ಆಯ್ತು," ಎಂದಿತು ಫಲಕದ ಹಿಂದಿನಿಂದ ಅಳುವ ದನಿ.

"ಅಲ್ಲಾಡ್ಬೇಡ ಮಗಳೇ, ಅಕ್ಷರ ಕುಣೀತಿದೆ."

ಮರುವಾರ ಅಂಗಡಿಗೆ ಉತ್ತಮ ನಿಯಮಪಾಲನೆಯ ಪ್ರಶಸ್ತಿಪತ್ರ ಬಂತು. ಹಿಂದೆಯೇ ಇಲಾಖೆಯ ಸುತ್ತೋಲೆ: ಇನ್ನು ಮುಂದೆ ಪ್ರತಿ ಅಂಗಡಿಯಲ್ಲೂ ಒಬ್ಬ ಹಕ್ಕುಫಲಕಧಾರಿ ಇರತಕ್ಕದ್ದು. ಹುದ್ದೆ ಕಾಯಂ, ಸಂಬಳ ಒಂದೂವರೆ ಪಟ್ಟು. ಅರ್ಹತೆ: ಗಣಿತ ಸಹಿತ ಹನ್ನೆರಡನೇ ತರಗತಿ ಪಾಸಾಗಿರಬೇಕು.

ಲುಯಾಂಡೊಳ ಅರ್ಜಿಯನ್ನು ತಿರಸ್ಕರಿಸಲಾಯಿತು. ಪತ್ರ ಬರೆದವನು ನಾನೇ; ಭಾಷೆ ಸೌಜನ್ಯದಿಂದ ಕೂಡಿತ್ತು.

ಅವಳ ತಾಯಿ ಬಂದು ಪತ್ರವನ್ನು ನನ್ನಿಂದ ಓದಿಸಿಕೊಂಡರು. "ಸರಿಯಾಗೇ ಇದೆ ಬಿಡಿ. ಅಷ್ಟು ದೊಡ್ಡ ಕೆಲಸಕ್ಕೆ ಓದಿರೋರೇ ಬೇಕು," ಎಂದರು. ಸರದಿಯಲ್ಲಿದ್ದ ಗಿರಾಕಿಗಳೆಲ್ಲ ಹೌದೆಂದು ತಲೆಯಾಡಿಸಿದರು. ಪತ್ರ ತಲುಪಿದ್ದಕ್ಕೆ ಸಹಿ ಮಾಡುವುದು ನೌಕರರ ಹೊಣೆಯೆಂದು ನೆನಪಿಸಿದೆ. ಲುಯಾಂಡೊ ಕಣ್ಣೊರೆಸಿಕೊಂಡು, ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.